ನಾರುಹುಣ್ಣಿನ ಪಾಠ

ನಾಗೇಂದ್ರಪ್ಪ ಮೇಷ್ಟ್ರು ತಮ್ಮ ಪಂಚೆಯ ಅಂಚಿನಿಂದ ಒಂದು ನೂಲು ಎಳೆದದ್ದೇ ತಪ್ಪಾಯಿತು.

ಜಗಳೂರು ಸೀಮೆಯ ಆ ಹಳ್ಳಿಗೆ ಇದ್ದದ್ದು ಒಂದೇ ಬಾವಿ, ಮೆಟ್ಟಿಲಿಳಿದು ನೀರು ತುಂಬಿಕೊಳ್ಳುವಂಥದ್ದು. ಮನೆಗೊಬ್ಬರಾದರೂ ಕಾಲಿಗೆ ಬಟ್ಟೆ ಸುತ್ತಿಕೊಂಡು ಕುಂಟುತ್ತಿದ್ದ ಕಾಲ ಅದು. ಮೇಷ್ಟ್ರು ಆ ನೂಲನ್ನು ಬೇವಿನಕಡ್ಡಿಗೆ ಮೆಲ್ಲಗೆ ಸುತ್ತಿ ತೋರಿಸುತ್ತ ಮಕ್ಕಳಿಗೆ ಹೇಳಿದರು: "ನಾರುಹುಣ್ಣು ಯಾರ ಶಾಪಾನೂ ಅಲ್ಲ, ಹುಳ. ಹುಣ್ಣಿರೋರು ಬಾವಿಗೆ ಕಾಲಿಟ್ರೆ ಅದು ನೀರಾಗೆ ಮರಿ ಬಿಡ್ತೈತೆ. ಆ ನೀರು ಕುಡಿದೋರಿಗೆ ಬರೋ ವರ್ಷ ಕಾಲಾಗೆ ಹಿಂಗೇ ನೂಲು ಬಂದಂಗೆ ಬರ್ತೈತೆ. ಹಿಂಗೇ ಕಡ್ಡಿಗೆ ಸುತ್ತಿ ದಿನಾ ಒಂಚೂರು ಎಳೀಬೇಕು. ಅದಕ್ಕೇ ಹುಣ್ಣಿರೋರು ಇಳೀಬಾರ್ದು. ನೀರು ಬಟ್ಟೆಯಾಗೆ ಸೋಸಿ ಕುಡೀಬೇಕು."

ಮಾರನೆಯ ದಿನ ಇನ್‌ಸ್ಪೆಕ್ಟರ್ ವಿರೂಪಾಕ್ಷಪ್ಪ ಸಾಹೇಬರು ಶಾಲೆ ನೋಡಲು ಬರುವವರಿದ್ದರು. ಮೇಷ್ಟ್ರಿಗೆ ಇದ್ದ ಆಸೆ ಒಂದೇ, ಹೊನ್ನಾಳಿಗೆ ವರ್ಗ. ಅಲ್ಲಿ ಹೆಂಡತಿ ಕಸ್ತೂರಮ್ಮ ಇದ್ದಳು, ಅಪ್ಪನನ್ನು ಕಂಡರೆ ಯಾರೋ ಎಂದು ಕಿರುಚಿ ಅಳುವ ಕೂಸಿತ್ತು. ಹೋದ ಸಲ ಸಾಹೇಬರ ಹತ್ತಿರ ಬಾಯಿಬಿಟ್ಟು ಕೇಳಿಯೂ ಇದ್ದರು. ಅವರು ಮೆಚ್ಚಿದರೆ ಆಯಿತು.

ಬೆಳಿಗ್ಗೆ ಮೇಷ್ಟ್ರ ಬಾಯಲ್ಲಿ ಇನ್ನೂ ಬೇವಿನಕಡ್ಡಿ ಇರುವಾಗಲೇ ಪಕ್ಕದ ಮನೆಯ ಗಾದ್ರಮ್ಮ ಬಂದಳು.

"ಮೇಷ್ಟ್ರೇ, ನನ್ನ ಮೊಮ್ಮಗ ನನ್ನ ಸೀರೆಯಾಗೆ ನೀರು ಸೋಸ್ಯಾನೆ."

"ಒಗೆದ್ರೆ ಹೋಗ್ತೈತೆ ಬಿಡಮ್ಮ."

"ನಾನು ಉಟ್ಕೊಂಡಿರುವಾಗ್ಲೇ ಸೋಸ್ಯಾನೆ."

ಅವಳ ಹಿಂದೆಯೇ ಊರಗೌಡರಾದ ಕಲ್ಲೇಶಪ್ಪ, ಕೊಯ್ಲಾದ ಹೊಲದಂಥ ಬರಿತಲೆಯಲ್ಲಿ ಬಂದರು. "ನನ್ನ ರುಮಾಲು ಹಂಡೆ ಬಾಯಿಗೆ ಕಟ್ಯಾರೆ ಕಣ್ರೀ ನಿಮ್ಮ ಶಿಷ್ಯರು."

"ನೀರು ಸೋಸ್ತಾ ಗೌಡ್ರೇ?"

"ಸೋಸ್ತು. ಕೆಂಪಗೆ."

ಅಷ್ಟರಲ್ಲಿ ದುರುಗಣ್ಣ ಕುಂಟುತ್ತ ಬಂದ. "ನಿಮ್ಮ ಶಾಲೆ ಮಕ್ಕಳು ಬಾವಿಗೆ ಇಳಿಯಾಕೆ ಬಿಡವಲ್ಲವು. ಆ ಚೋಟುದ್ದದ ಅಂಜಿನಮ್ಮ ಮೆಟ್ಲ ಮೇಲೆ ಕುಂತು ಕಾಲು ತೋರ್ಸು ಅಂತಾಳೆ. ಹೆಣ್ಣು ಕೊಡುವಾಗ ನಮ್ಮ ಮಾವನೂ ನನ್ನ ಇಷ್ಟು ಪರೀಕ್ಷೆ ಮಾಡಿರ್ಲಿಲ್ಲ."

"ಹಂಗಾದ್ರೆ ನೀರಿಗೆ ಏನು ಮಾಡ್ದೆ?"

"ಅವೇ ತಂದುಕೊಟ್ಟವು, ಸೋಸಿ. ಅದೇ ಸಿಟ್ಟು ನನಗೆ. ಬೈಯಾಕೂ ಬಾಯಿ ಬರವಲ್ದು."

ಮೇಷ್ಟ್ರು ಕೈ ಮುಗಿದು ತಪ್ಪಾಯಿತೆಂದರು. ಎದೆ ಮಾತ್ರ ಹೆಂಚಿನ ಮೇಲಿನ ರೊಟ್ಟಿಯಂತೆ ಉಬ್ಬುತ್ತಿತ್ತು. ಗೌಡರು, "ಬರ್ಲಿ ಸಾಹೇಬ್ರು, ಎಲ್ಲಾ ಹೇಳ್ತೀನಿ," ಎಂದು ಹೋದರು. ರೊಟ್ಟಿ ಇಳಿಯಿತು.

ಬಿಸಿಲೇರಿದಾಗ ಸಾಹೇಬರ ಕಮಾನುಗಾಡಿ ಬಂತು. ಬಂದದ್ದು ಶಾಲೆಗಲ್ಲ, ಮುಖ ತೊಳೆಯಲೆಂದು ನೇರ ಬಾವಿಗೆ. ಸುದ್ದಿ ಕೇಳಿ ಮೇಷ್ಟ್ರು ಓಡಿದರು, ಗೌಡರೂ ಹಿಂದೆಯೇ ಓಡಿದರು. ಹೋಗಿ ನೋಡಿದರೆ ಮಕ್ಕಳು ಮೆಟ್ಟಿಲ ತುಂಬ ಕೂತಿದ್ದಾರೆ, ವಿರೂಪಾಕ್ಷಪ್ಪ ಸಾಹೇಬರು ಎದುರಿಗೆ ನಿಂತಿದ್ದಾರೆ.

"ಯಾರಮ್ಮ ನೀನು?"

"ಮೂರನೇ ಕ್ಲಾಸು. ಬೂಟು ಬಿಚ್ರಿ," ಎಂದಳು ಅಂಜಿನಮ್ಮ.

ಮೇಷ್ಟ್ರು ಬೆವರುತ್ತ, "ಏ, ಸಾಹೇಬ್ರು ಅವರು. ದಾರಿ ಬಿಡು," ಎಂದರು.

"ಹುಳಕ್ಕೆ ಸಾಹೇಬ್ರು ಅಂತ ಗೊತ್ತಾಗ್ತೈತೇನ್ರಿ ಮೇಷ್ಟ್ರೇ?"

ಹೊನ್ನಾಳಿ ತುಂಗಭದ್ರೆಯಲ್ಲಿ ತೇಲಿಹೋದದ್ದು ಮೇಷ್ಟ್ರ ಕಣ್ಣಿಗೆ ಕಂಡಿತು. ಸಾಹೇಬರು ಕಲ್ಲಿನ ಮೇಲೆ ಕೂತು ಬೂಟು ಬಿಚ್ಚಿದರು, ಕಾಲುಚೀಲ ಇಳಿಸಿದರು. ಹರಡಿನ ಮೇಲೆ ಬಟ್ಟೆ ಸುತ್ತಿತ್ತು. ಬಟ್ಟೆಯಡಿ ಒಂದು ಕಡ್ಡಿ, ಕಡ್ಡಿಗೆ ಬಿಳಿ ನೂಲಿನಂಥದ್ದು.

ಅಂಜಿನಮ್ಮ ಬಣ್ಣವೆಲ್ಲ ಬಿಟ್ಟು ಮುಗಿದಿದ್ದ ಗೌಡರ ರುಮಾಲಿನಲ್ಲಿ ಒಂದು ಚೊಂಬು ನೀರು ಸೋಸಿ ಕೊಟ್ಟಳು.

ಸಾಹೇಬರು ಕುಡಿದು ಮೀಸೆ ಒರೆಸಿಕೊಂಡರು. "ಪುಸ್ತಕದಾಗೆ ನಾನೂ ಓದಿದ್ದೆ ಮೇಷ್ಟ್ರೇ. ಆದ್ರೂ ನಮ್ಮೂರ ಬಾವಿಗೆ ದಿನಾ ಇಳೀತಿದ್ದೆ. ಯಾರೂ ತಡೆದಿರ್ಲಿಲ್ಲ."

ದೂರು ಹೇಳಲು ಬಾಯಿ ತೆರೆದಿದ್ದ ಗೌಡರು ಅದೇ ಬಾಯಲ್ಲಿ, "ನಮ್ಮೂರ ಮಕ್ಕಳು ಸಾಹೇಬ್ರೇ. ಸೋಸಿರೋದು ನನ್ನ ರುಮಾಲಿನಾಗೇ," ಎಂದರು.

"ಮೇಷ್ಟ್ರೇ, ವರ್ಗ ಕೇಳಿದ್ರಲ್ಲ," ಎಂದರು ಸಾಹೇಬರು. "ಕೊಡಿಸ್ತೀನಿ."

ಮೇಷ್ಟ್ರ ಜೀವ ಹೊಳೆ ದಾಟಿ ಕೂಸಿನ ತೊಟ್ಟಿಲ ಹತ್ತಿರ ಹೋಗಿ ನಿಂತಿತು.

"ನಮ್ಮೂರಿಗೆ. ಇಲ್ಲಿಂದ ಇನ್ನೂ ಒಳಗೈತೆ, ಬಸ್ಸು ಗಿಸ್ಸು ಇಲ್ಲ. ನಮ್ಮ ಬಾವಿಗೂ ಮೆಟ್ಲು ಅವೆ, ತಡೆಯೋ ಮಕ್ಕಳಿಲ್ಲ. ಬರ್ತೀರಲ್ಲ?"

ಹೊನ್ನಾಳಿ ಎಂಬ ಮಾತು ಮೇಷ್ಟ್ರ ಗಂಟಲವರೆಗೆ ಬಂದಿತ್ತು. ಅಷ್ಟರಲ್ಲಿ ಗೌಡರು ಊರಿಗೆಲ್ಲ ಕೇಳುವಂತೆ, "ಬರ್ದೇ ಏನು? ನಮ್ಮ ಮೇಷ್ಟ್ರು ಅಂದ್ರೆ ಸುಮ್ನೆ ಅಲ್ಲ, ಕಷ್ಟ ಇದ್ದಲ್ಲಿಗೆ ತಾವಾಗೇ ಹೋಗೋ ಆಸಾಮಿ," ಎಂದುಬಿಟ್ಟರು. ಗಾದ್ರಮ್ಮ ಹೌದೆಂದಳು. ದುರುಗಣ್ಣ ಹೌದೆಂದ. ಮಕ್ಕಳೆಲ್ಲ ಎದ್ದುನಿಂತು ತಮ್ಮ ಮೇಷ್ಟ್ರನ್ನೇ ನೋಡಿದವು.

ಮೇಷ್ಟ್ರ ಎದೆ ಮತ್ತೆ ಉಬ್ಬಿತು. ಎಷ್ಟು ಉಬ್ಬಿತೆಂದರೆ, ಆ ಒಂದು ಮಾತು ಹೊರಗೆ ಬರಲು ಜಾಗವೇ ಉಳಿಯಲಿಲ್ಲ.