ಭಾವನ ಖಾಲಿ ಕ್ಯಾಚ್

ತಪ್ಪಿಗೆ ಹೆದರುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ತಪ್ಪು ಆಗಲೇ ಇಲ್ಲವಲ್ಲ ಎಂದು ಮುಖ ಸಣ್ಣ ಮಾಡಿಕೊಳ್ಳುವವರನ್ನು ನೋಡಬೇಕೆ? ತಿರುವನಂತಪುರಕ್ಕೆ ಹೋಗಿ ನಮ್ಮ ಭಾವನನ್ನು ನೋಡಿ! ರಾಕೆಟ್ಟಿನ ಲೆಕ್ಕದಲ್ಲಿ ಕೂದಲೆಳೆಯಷ್ಟೂ ತಪ್ಪದ ಈ ವಿಜ್ಞಾನಿ ಈಗ ಬೆಳಗ್ಗೆದ್ದು, ಹಲ್ಲುಜ್ಜುವ ಮೊದಲೇ, ಕಂಪ್ಯೂಟರ್ ಎಡವಲೆಂದೇ ಹತ್ತನ್ನು ಸೊನ್ನೆಯಿಂದ ಭಾಗಿಸುತ್ತಾರೆ.

ಕಾರಣವಿದೆ. ಕೊಚ್ಚಿಯ ಕಳಮಶ್ಶೇರಿಯಲ್ಲಿ ಎಂಜಿನಿಯರಿಂಗ್ ಓದುವ ಮಗಳು ಜಾವಾ ಪ್ರೋಗ್ರಾಮಿಂಗಿನಲ್ಲಿ ಫೇಲಾದಳು. ಅಳುತ್ತಾ ಫೋನ್ ಮಾಡಿದವಳಿಗೆ ಇವರು "ಸರಿ" ಎಂದಷ್ಟೇ ಹೇಳಿ ಫೋನಿಟ್ಟರು. ಅಂದಿನಿಂದ ಅವಳು ಮನೆಯ ಕಡೆ ತಲೆ ಹಾಕಿಲ್ಲ. ಮರುಪರೀಕ್ಷೆಗೆ ತಿಂಗಳಿದೆ ಎನ್ನುವಾಗ ಭಾವನಿಗೆ ಜ್ಞಾನೋದಯವಾಯಿತು: ತಾನೇ ಜಾವಾ ಕಲಿತು ಅವಳಿಗೆ ಪಾಠ ಹೇಳಬೇಕು! ಅವಳಿಗೆ ಕಬ್ಬಿಣದ ಕಡಲೆಯಾಗಿದ್ದ ಪಾಠ ಎಕ್ಸೆಪ್ಷನ್ ಹ್ಯಾಂಡ್ಲಿಂಗ್. ಭಾವನಿಗೆ ಗುರುವಾಗಿ ಸಿಕ್ಕಿಬಿದ್ದವನು ಕೊಚ್ಚಿಯ ಐಟಿ ಪಾರ್ಕಿನಲ್ಲಿರುವ ನಾನು, ಅವರ ಹೆಂಡತಿಯ ತಮ್ಮ.

ಸಂಗತಿ ಸರಳ. ನಡುವೆ ಎಡವಿದ ಪ್ರೋಗ್ರಾಂ ಅಲ್ಲೇ ನಿಂತುಬಿಡುತ್ತದೆ. ಅದಕ್ಕೇ ಎಡವಬಹುದಾದ ಕೆಲಸವನ್ನು 'ಟ್ರೈ' ಒಳಗಿಟ್ಟು, ಎಡವಿದರೆ ಮಾಡಬೇಕಾದದ್ದನ್ನು 'ಕ್ಯಾಚ್' ಒಳಗೆ, ಏನೇ ಆದರೂ ಆಗಲೇಬೇಕಾದದ್ದನ್ನು 'ಫೈನಲಿ' ಒಳಗೆ ಬರೆಯಬೇಕು. ಇಷ್ಟನ್ನು ಹೇಳಿಕೊಟ್ಟದ್ದಕ್ಕೆ ಅಕ್ಕ ನನ್ನನ್ನು ಇನ್ನೂ ಕ್ಷಮಿಸಿಲ್ಲ.

ಕ್ಷಮಿಸುವುದಾದರೂ ಹೇಗೆ? ಚಾಲೈ ಬಜಾರಿಗೆ ನೇಂದ್ರಬಾಳೆ ತರಲು ಹೋದ ಭಾವ, ಗೊನೆಯ ಕೆಳಗೇ ನಿಂತು, "ಹಣ್ಣು ಇಲ್ಲದಿದ್ದರೆ?" ಎಂದು ಮಲಯಾಳದಲ್ಲಿ ವಿಚಾರಿಸಿದರಂತೆ.

"ಉಂಡಲ್ಲೋ ಸಾರೇ!" ಇದೆಯಲ್ಲ ಸಾರ್, ಎಂದು ಅಂಗಡಿಯವನು ಗೊನೆಯನ್ನೇ ಮುಟ್ಟಿ ತೋರಿಸಿದ.

"ಇರುವುದು ಕಾಣುತ್ತಿದೆ. ಇಲ್ಲದಿದ್ದರೆ?"

"ಎನ್ನಾ ವೀಟ್ಟಿಲ್ ಪೋಣಂ ಸಾರೇ!" ಇಲ್ಲದಿದ್ದರೆ ಮನೆಗೆ ಹೋಗಬೇಕು ಸಾರ್, ಇನ್ನೇನು?

ಭಾವ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಪರಮ ಸಂತೋಷದಿಂದ ಮನೆಗೆ ಬಂದರು. ಹಣ್ಣನ್ನು ಮರೆತಿದ್ದರು.

ಪರೀಕ್ಷೆಯ ಹಿಂದಿನ ದಿನ ರೈಲು ಹತ್ತಿ ನಮ್ಮ ಮನೆಗೆ ಬಂದಿಳಿದರು. ಲ್ಯಾಪ್‌ಟಾಪ್ ತೆರೆದು, ತಾವು ಬರೆದ ಪ್ರೋಗ್ರಾಂ ತೋರಿಸಿ, "ನೋಡಯ್ಯ, ಏನು ಕೊಟ್ರೂ ನಿಲ್ಲೋದಿಲ್ಲ. ಒಂದೂ ತಪ್ಪಿಲ್ಲ!" ಎಂದು ಬೀಗಿದರು.

ನೋಡಿದೆ. ಇಡೀ ಪ್ರೋಗ್ರಾಮಿಗೆ ಒಂದೇ ಕ್ಯಾಚ್, ಅದರ ಒಳಗೆ ಏನೂ ಇಲ್ಲ!

"ಇದು ಖಾಲಿ ಕ್ಯಾಚ್, ಭಾವ. ತಪ್ಪು ಬಂತು, ನೀವು ನುಂಗಿ ಸುಮ್ಮನಾದ್ರಿ. ಎಲ್ಲಿ ಎಡವಿತು, ಯಾಕೆ ಎಡವಿತು, ಯಾರಿಗೆ ಗೊತ್ತಾಗ್ಬೇಕು? ನಮ್ಮ ಆಫೀಸಲ್ಲಿ ಹೀಗೆ ಬರೆದವರನ್ನ ಎಲ್ಲರ ಮುಂದೆ ನಿಲ್ಸಿ ಬೈತಾರೆ. ಎಷ್ಟು ವರ್ಷದ ಸರ್ವೀಸು ನಿಮ್ದು?"

ಸಾಕಷ್ಟು ಚುಚ್ಚಿದೆನೆಂದು ನನಗೆ ಖುಷಿಯಾಯಿತು. ಭಾವ ಮಾತ್ರ ಪರದೆಯನ್ನೇ ನೋಡುತ್ತಿದ್ದರು.

ಸಂಜೆ ಇಬ್ಬರೂ ಕಳಮಶ್ಶೇರಿಯ ಹಾಸ್ಟೆಲಿಗೆ ಹೋದೆವು. ಗೇಟಿನ ಬಳಿ ಬಂದ ಹುಡುಗಿ ಅಪ್ಪನ ಕೈಯಲ್ಲಿದ್ದ ನೋಟ್‌ಬುಕ್ಕನ್ನು ಕಂಡು ತಲೆ ತಗ್ಗಿಸಿದಳು. ಕೇರಳದಲ್ಲೇ ಬೆಳೆದವಳು, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲೇ ಉತ್ತರ. "ಎನಿಕ್ಕ್ ಪೇಡಿಯಾ ಅಪ್ಪಾ," ಎಂದಳು. ಭಯವಾಗುತ್ತಿದೆ ಎಂದು.

ಇನ್ನು ಒಂದು ಗಂಟೆ ಭಾಷಣ ಎಂದು ನಾನು ಕೂರಲು ಕಟ್ಟೆ ಹುಡುಕುತ್ತಿದ್ದೆ. ಭಾವ ನೋಟ್‌ಬುಕ್ಕನ್ನು ತೆರೆಯಲೇ ಇಲ್ಲ.

"ಅವತ್ತು ನೀನು ಅಳ್ತಾ ಫೋನ್ ಮಾಡ್ದಾಗ ಸರಿ ಅಂದು ಇಟ್ಬಿಟ್ಟೆ. ಅದು ಖಾಲಿ ಕ್ಯಾಚು ಪುಟ್ಟೀ. ನಿಮ್ಮ ಮಾಮ ಬೈದ ಮೇಲೆ ಗೊತ್ತಾಯ್ತು. ಈಗ ಹೇಳು, ಏನಾಯ್ತು ನಿಂಗೆ?"

ಅವಳು ಹೇಳಿದಳು. ಬಿಕ್ಕುತ್ತಾ, ತಡವರಿಸುತ್ತಾ, ಕನ್ನಡದಲ್ಲೇ ಹೇಳಿದಳು. ಭಾವ ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ. ಗೇಲಿ ಮಾಡುವುದನ್ನು ಮರೆತು ನಾನೂ ಕೇಳುತ್ತಾ ನಿಂತೆ.

ಕೊನೆಗೆ ಕಣ್ಣೊರೆಸಿಕೊಂಡು ಕೇಳಿದಳು: "ನಾಳೆ ಮತ್ತೆ ಫೇಲಾದ್ರೆ ಅಪ್ಪಾ?"

ಭಾವ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಏನೋ ಬರೆದು, ಹರಿದು ಅವಳ ಕೈಗಿಟ್ಟರು. ನಾನೂ ಇಣುಕಿದೆ. ಟ್ರೈ: ಪರೀಕ್ಷೆ ಬರೆಯುವುದು. ಕ್ಯಾಚ್: ಅಪ್ಪನಿಗೆ ಫೋನ್ ಮಾಡುವುದು, ಅಪ್ಪ ಪೂರ್ತಿ ಕೇಳುವುದು. ಫೈನಲಿ: ಮನೆಗೆ ಬರುವುದು.