ಕಾಕಾನ ಕಿವಿಯ ಸ್ವಿಚ್ಚು

ನಮ್ಮ ಕಾಕಾ ಮದುವೆಯಾಗದೆ ಉಳಿದದ್ದು ಜಿಪುಣತನದಿಂದ ಎಂದು ಅಂಕಲಗಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ‘ಹೇಣ್ತಿ ಬಂದ್ರ ಅಂಗಡ್ಯಾನ ಸೀರಿ ಮನೀಗೆ ಹೊಕ್ಕಾವ ಅಂತ ಅಂಜಿದ’ ಎಂಬುದು ಊರಿನ ತೀರ್ಪು. ನನ್ನ ತಕರಾರಿದೆ! ಗೋಕಾಕದ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎಂಥೆಂಥವರ ಬಾಯಿ ಮುಚ್ಚಿಸಿದವಳು ನಾನು, ಸಾಕ್ಷಿಯಿಲ್ಲದ ತೀರ್ಪನ್ನು ಸುಮ್ಮನೆ ಒಪ್ಪುತ್ತೇನೆಯೇ? ಜಿಪುಣನಂತೆ! ಗಿರಾಕಿ ಪಿಸುಗುಟ್ಟಿದ ದರಕ್ಕೆ ಬಟ್ಟೆ ಕೊಡುವ ವ್ಯಾಪಾರಿ ಇಡೀ ತಾಲೂಕಿನಲ್ಲಿ ಇನ್ನೊಬ್ಬನಿದ್ದರೆ ತೋರಿಸಿ, ನಾನು ಭಾಷಣ ಮಾಡುವುದನ್ನೇ ಬಿಡುತ್ತೇನೆ.

ಅದು ಹೀಗೆ. ಇಬ್ಬರು ಹೆಂಗಸರು ಗಾದಿಯ ಮೇಲೆ ಕುಳಿತು, ಅಂಗಡಿಯವನಿಗೆ ತಿಳಿಯಬಾರದೆಂದು ಮರಾಠಿಯಲ್ಲಿ ‘ಇಷ್ಟಕ್ಕೆ ಕೊಟ್ಟರೆ ತಗೊಳ್ಳೋಣ’ ಎಂದು ಕಿವಿ ಕಚ್ಚಿಕೊಳ್ಳುತ್ತಾರೆ. ಒಳಗಿನ ಕೋಣೆಯಲ್ಲಿ ಏಣಿಯ ತುದಿಯಲ್ಲಿರುವ ಕಾಕಾನ ಮುಖ ಲಾಟರಿ ಹೊಡೆದವನ ಮುಖವಾಗುತ್ತದೆ. “ಕೇಳಿಸ್ತು! ಇಷ್ಟಕ್ಕ ಅಂದ್ರಿ ಹೌದಲ್ರಿ ಅಕ್ಕಾರ? ತಗೋರಿ, ಒಯ್ರಿ!” ಮರಾಠಿ ತಿಳಿಯದ ಜೈನ ವ್ಯಾಪಾರಿ ನಮ್ಮ ಕಡೆ ಎಲ್ಲಿದ್ದಾನೆ? ಸುದ್ದಿ ಹಬ್ಬಿತು. ಗಿರಾಕಿಗಳು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಪಿಸುಗುಟ್ಟತೊಡಗಿದರು!

“ನೀ ಅರಿಬಿ ಮಾರಾಕತ್ತಿಯೋ, ಕಿವಿ ಪರೀಕ್ಷಾ ಮಾಡಾಕತ್ತಿಯೋ?” ಎಂದು ಅವ್ವ ಹಣೆ ಬಡಿದುಕೊಳ್ಳುತ್ತಿದ್ದಳು.

ಎರಡನೆಯದೇ ಖರೆ. ಅಜ್ಜನ ಕಿವಿ ನಲವತ್ತರ ಆಸುಪಾಸಿನಲ್ಲಿ ಮುಚ್ಚಿತ್ತು. ನಮ್ಮ ಅಪ್ಪನದೂ ಅದೇ ವಯಸ್ಸಿನಲ್ಲಿ ಮುಚ್ಚಿತು, ನಾನಾಗ ತೊಟ್ಟಿಲಲ್ಲಿದ್ದೆ. ಮುಂದಿನ ಪಾಳಿ ತನ್ನದೆಂದು ಅಪ್ಪನ ತಮ್ಮ, ಅಂದರೆ ಈ ಮಹಾಶಯ, ಅಂದೇ ತೀರ್ಮಾನಿಸಿಬಿಟ್ಟ. ಐವತ್ತಾದರೂ ತೀರ್ಮಾನ ಬದಲಾಗಲಿಲ್ಲ. ದಿನಾ ಮುಂಜಾನೆ ಅಲಾರಾಂ ಗಡಿಯಾರವನ್ನು ನಮ್ಮ ಕಟ್ಟೆಯ ಮೇಲಿಟ್ಟು, ಟಿಕ್‌ಟಿಕ್ ಎಲ್ಲಿಯವರೆಗೆ ಕೇಳಿಸುತ್ತದೆಂದು ಹಿಂದುಹಿಂದಕ್ಕೆ ನಡೆಯುವುದು. ಹಿಂದೆ ನೋಡುವ ಪದ್ಧತಿ ಇಲ್ಲ! ಬಾಜೂ ಮನೆಯ ದರ್ಜಿ ಚಾಚಾನ ಅಂಗಳದಲ್ಲಿ ಒಣಹಾಕಿದ್ದ ಶ್ಯಾವಿಗೆ ತುಳಿದಾಗ ಚಾಚಾ ಕೈಮುಗಿದು ಹೇಳಿದರು: “ಶೇಠಜಿ, ಇವತ್ತ ನಮ್ಮ ಅಂಗಳಾ ಮುಟ್ಟೀರಿ. ನಾಳೆ ಹಿಂಗ ನಡದ್ರ ಮೂಡಲಗಿ ಮುಟ್ಟತೀರಿ. ಹೋಗಾಕ ಬಸ್ಸಿನ ಖರ್ಚ ಇಲ್ಲ ನೋಡ್ರಿ!”

ನನಗೆ ಸಿಟ್ಟು ಬರುತ್ತಿತ್ತು. ಬಾರದೇನು? ಈ ಮನುಷ್ಯನ ಸಿದ್ಧಾಂತ ಒಪ್ಪಿದರೆ ನನ್ನ ಕಿವಿಯೂ ಹೋಯಿತಲ್ಲ! ಬಿ.ಎಸ್ಸಿ.ಯಲ್ಲಿ ವಂಶವಾಹಿಗಳ ಪಾಠವಾದ ವಾರವೇ ಗಾದಿಯ ಮೇಲೆ ವಾದಕ್ಕೆ ಕುಳಿತೆ.

“ಕಾಕಾ, ಜೀನ್ ಇದ್ದ ಕೂಡಲೇ ಆಗಲಿಲ್ರಿ. ಕಣ್ಣ ಮಾಡೂ ಜೀನ್ ನಿಮ್ಮ ಮೂಗಿನಾಗೂ ಐತಿ. ಮೂಗಿನ ಮ್ಯಾಲ ಕಣ್ಣ ಮೂಡೇತೇನು?”

ಕಾಕಾ ಮೂಗು ಮುಟ್ಟಿ ನೋಡಿಕೊಂಡ. ಗಿರಾಕಿಗಳೂ ಮುಟ್ಟಿ ನೋಡಿಕೊಂಡರು.

ಉತ್ಸಾಹ ಏರಿತು. ಎಲ್ಲ ಜೀವಕೋಶಗಳಲ್ಲೂ ಅದೇ ಡಿಎನ್‌ಎ ಇರುತ್ತದೆ. ಎಲ್ಲಿ ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದೇ ಬೇರೆಬೇರೆ. ಜೀನಿನ ಹತ್ತಿರ ಡಿಎನ್‌ಎಯದೇ ಒಂದು ತುಂಡಿರುತ್ತದೆ. ಅದು ತಾನು ಏನನ್ನೂ ತಯಾರಿಸುವುದಿಲ್ಲ, ಬರೀ ಸ್ವಿಚ್ಚು. ತಕ್ಕ ಪ್ರೋಟೀನ್ ಬಂದು ಅದರ ಮೇಲೆ ಕುಳಿತರೆ ಜೀನ್ ಚಾಲೂ, ಇನ್ನೊಂದು ಬಗೆಯದು ಕುಳಿತರೆ ಬಂದ್. ಇಷ್ಟಕ್ಕೇ ಬಾಯಿ ಮುಚ್ಚಬೇಕಿತ್ತು ನಾನು. ಆದರೆ ಚಪ್ಪಾಳೆಯ ಚಟ! “ಗಡ್ಡದ ಜೀನ್ ಹುಟ್ಟೂಮುಂದನ ಇತ್ತಲ್ರಿ ಕಾಕಾ. ತೊಟ್ಟಲದಾಗ ಗಡ್ಡ ಇತ್ತೇನು ನಿಮಗ?” ಎಂದುಬಿಟ್ಟೆ.

“ಇರಲಿಲ್ಲ,” ಎಂದ ಕಾಕಾ, ಗಡ್ಡ ನೀವಿಕೊಳ್ಳುತ್ತ. “ಹೊತ್ತ ಬಂತು, ಸ್ವಿಚ್ ಬಿತ್ತು, ಗಡ್ಡ ಬಂತು. ಹಂಗ ಕಿವಡೂ ಬರತೈತಿ. ಚಲೋ ತಿಳಿಸಿ ಹೇಳಿದಿ, ವಕೀಲಬಾಯಿ!”

ನನ್ನದೇ ಉದಾಹರಣೆ, ನನ್ನದೇ ಕುತ್ತಿಗೆಗೆ!

“ಆ ಜೀನ್ ಅಜ್ಜನಿಂದ ನಿಮಗ ಬಂದs ಇರ್ಲಿಕ್ಕಿಲ್ಲ. ಎಲ್ಲಾ ಮಕ್ಕಳಿಗೂ ಬರಬೇಕಂತ ಏನೈತಿ?” ಎಂದು ಕೂಗಿದೆ.

“ತುಕ್ಕಾನಟ್ಟಿ ಹೊಲದಾಗ ಮೋಟಾರ ಐತಿ, ಸ್ಟಾರ್ಟರ್ ಐತಿ. ತ್ರೀ ಫೇಸ್ ಕರೆಂಟ್ ಇನ್ನೂ ಬಂದಿಲ್ಲಂದ್ರ ಮೋಟಾರs ಇಲ್ಲ ಅಂತಾರೇನವಾ? ಮತ್ತ ಕೂಗಬ್ಯಾಡ, ನನಗ ಕೇಳಸ್ತೈತಿ. ಸದ್ಯಾ.”

ಆ ‘ಸದ್ಯಾ’ ಕೇಳಿ ಮೈಯೆಲ್ಲ ಉರಿಯಿತು. ಅಡುಗೆಮನೆಗೆ ಹೋಗಿ ಅವ್ವನ ಮುಂದೆ ಹಾರಾಡಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಕಣಗಲಾದ ಹುಡುಗಿ ಲಗ್ನಕ್ಕ ಗೊತ್ತಾಗಿತ್ತs ಇವಗ. ನಿಮ್ಮಪ್ಪನ ಕಿವಿ ಹೋತು ನೋಡು, ಹುಕ್ಕೇರಿ ಬಸ್ ಹತ್ತಿ ಹ್ವಾದ. ಆಕೀಗೇ ಹೇಳಿದನಂತ, ‘ನಾಳೆ ನಿಮ್ಮ ಮಾತ ನನಗ ಕೇಳಸೂದಿಲ್ಲ, ಬ್ಯಾರೆ ಕಡೆ ನೋಡ್ರಿ’ ಅಂತ. ‘ಕೇಳಸ್ಲಿಲ್ಲಂದ್ರ ನಾ ಜೋರ ಮಾತಾಡತೇನಿ’ ಅಂದಳಂತ ಆಕಿ. ಇಂವಾ ತಿರುಗಿ ಬಂದ.”

ಎಂಥ ಅನ್ಯಾಯ! ತಾನೇ ಆರೋಪಿ, ತಾನೇ ನ್ಯಾಯಾಧೀಶ; ಎದುರು ಪಕ್ಷದವಳು ಒಂದೇ ಮಾತಿನಲ್ಲಿ ಇಡೀ ಮೊಕದ್ದಮೆ ಗೆದ್ದಿದ್ದರೂ ಆಕೆಗೆ ಸೋಲು! ಇದನ್ನು ಕಾಕಾನ ಮುಖಕ್ಕೇ ಹೇಳಬೇಕೆಂದು ಒಳಗೊಳಗೇ ತಾಲೀಮು ಮಾಡಿಕೊಳ್ಳುತ್ತಿದ್ದೆ.

ದೀಪಾವಳಿ ಕಳೆದು ಲಗ್ನಗಳು ಶುರುವಾಗಿದ್ದವು. ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದರು. “ಮಗಳ ಲಗ್ನದ ಅರಿಬಿ ಬೇಕಾಗಿತ್ತು. ಕಣಗಲಾದಿಂದ ಬಂದೇವಿ,” ಎಂದು ನನಗೆ ಮೆಲ್ಲಗೆ ಹೇಳಿದರು. ಸಂಕೇಶ್ವರ, ಹುಕ್ಕೇರಿ, ಗೋಕಾಕ, ಅಷ್ಟೂ ಪೇಟೆಗಳನ್ನು ದಾಟಿ ಅಂಕಲಗಿಗೆ! ಒಳಗೆ ಏಣಿಯ ಮೇಲಿದ್ದ ಕಾಕಾನಿಗೆ ಆ ಮೆಲ್ಲನೆಯ ಮಾತು ಕೇಳಿಸಿತ್ತು. ಅವನ ಕೈಯಲ್ಲಿದ್ದ ಬಟ್ಟೆಯ ಥಾನು ನೆಲಕ್ಕೆ ಬಿದ್ದು ಬಾಗಿಲವರೆಗೆ ಬಿಚ್ಚಿಕೊಂಡಿತು.

ಕಾಕಾ ಹೊರಗೆ ಬಂದ. ಆಕೆ ಮುಂದಕ್ಕೆ ಸರಿದು, ಅವನಿಗೆ ತಮ್ಮ ತುಟಿ ಸರಿಯಾಗಿ ಕಾಣುವಂತೆ ನಿಂತು, ಒಂದೊಂದೇ ಶಬ್ದ ಬಿಡಿಸಿ, ಓಣಿಗೆಲ್ಲ ಕೇಳುವ ಹಾಗೆ ಕೇಳಿದರು: “ಎಲ್ಲಾರೂ… ಆರಾಮ… ಅದೀರೇನ್ರಿ?”

ಮಗಳು ನಾಚಿ ತಾಯಿಯ ಸೆರಗು ಎಳೆದಳು. ನನಗೆ ನಗು ಉಕ್ಕಿತ್ತು. ಕಾಕಾನನ್ನು ನೋಡಿ ನಿಂತುಹೋಯಿತು. ಪಿಸುಮಾತಿಗೆ ಅಂಗಡಿಯನ್ನೇ ಕೊಟ್ಟುಬಿಡುವ ನಮ್ಮ ಕಾಕಾ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು, ಸ್ವಲ್ಪ ಬಾಗಿ, “ಇನ್ನೊಮ್ಮಿ ಹೇಳ್ರಿ,” ಎಂದ.

ಆಕೆ ಇನ್ನೊಮ್ಮೆ ಹೇಳಿದರು. ಇನ್ನೂ ಜೋರಾಗಿ. ವ್ಯಾಪಾರ ಮುಗಿಯುವವರೆಗೂ ಹಾಗೆಯೇ ಮಾತಾಡಿದರು. ಕಾಕಾ ಹಾಗೆಯೇ ಕೇಳಿಸಿಕೊಂಡ.

ಬಸ್ಸು ಹೋದ ಮೇಲೆ ಅವನು ನೆಲದ ಮೇಲಿನ ಬಟ್ಟೆಯನ್ನು ಸುತ್ತತೊಡಗಿದ. ನಾನು ಇನ್ನೊಂದು ತುದಿ ಹಿಡಿದುಕೊಂಡೆ. ತಾಲೀಮು ಮಾಡಿಟ್ಟ ಭಾಷಣದಲ್ಲಿ ಒಂದು ಮಾತೂ ನೆನಪಾಗಲಿಲ್ಲ. ಕೇಳಲು ಉಳಿದದ್ದು ಒಂದೇ. ಅದನ್ನೂ ಮೆಲ್ಲಗೆ, ಅವನೊಬ್ಬನಿಗೇ ಕೇಳಿಸುವಷ್ಟು ಮೆಲ್ಲಗೆ ಕೇಳಿದೆ.

“ಕಾಕಾ, ನಿಮ್ಮ ಕಿವಿ ಚಲೋ ಅದಾವ ಅಂತ ಆಕೀಗೆ ಯಾಕ ಹೇಳಲಿಲ್ರಿ?”