ಹೊಂಗೆ ಮರದಡಿಯ ಮುಂದಿನ ಸೀಟು

ಮನೆಯ ಹಿಂದೆ ಮೋಟಾರು ಷೆಡ್ಡು ಇದ್ದವರಿಗೆ ನಗುವುದಕ್ಕೆ ಬೇರೆ ಏರ್ಪಾಡು ಬೇಕಿಲ್ಲ. ಹುಣಸೂರಿನಲ್ಲಿ ನಮಗೆ ಅಂಥದ್ದೊಂದು ಷೆಡ್ಡು ಇತ್ತು. ನಮ್ಮ ಯಜಮಾನರ ಬಸ್ಸುಗಳು ಪಿರಿಯಾಪಟ್ಟಣಕ್ಕೆ, ಕೋಟೆಗೆ, ಕೃಷ್ಣರಾಜನಗರಕ್ಕೆ ಓಡುತ್ತಿದ್ದವು. ಓಡದಿದ್ದಾಗ ನಮ್ಮ ಹಿತ್ತಿಲಲ್ಲಿ ಬಾನೆಟ್ಟು ತೆರೆದುಕೊಂಡು ನಿಂತಿರುತ್ತಿದ್ದವು. ಷೆಡ್ಡಿನ ಸಾಮಾನು ಸರಂಜಾಮುಗಳ ಉಸ್ತುವಾರಿ ನನ್ನದು. ಬಿ.ಎ. ಪಾಸು ಮಾಡಿದ ಸೊಸೆ ಉಪ್ಪಿನಕಾಯಿ ಜಾಡಿ ಎಣಿಸಿಕೊಂಡು ಕೂರುವುದೇಕೆಂದು ಅತ್ತೆಯವರೇ ಒಪ್ಪಿಸಿದ ಕೆಲಸ. ಒಂದು ತಿರುಪುಮೊಳೆ ಬಂದರೂ ಬರೆದಿಟ್ಟುಕೊಳ್ಳುತ್ತಿದ್ದೆ. ಇವತ್ತಿಗೂ ನನಗೆ ಅದರ ಹೆಮ್ಮೆ ಇದೆ. ಆದರೆ ಬರೆದಿಡದೆಯೇ ನೆನಪಿನಲ್ಲಿ ಉಳಿದವು ಈ ಕೆಲವು.

೧. ಸೀಟಿನ ಕಾನೂನು

ಆಗ ಯುದ್ಧಕಾಲ. ಪೆಟ್ರೋಲಿಲ್ಲದೆ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಸೀಮೆಯಿಂದ ಹೊಸ ಸಲಕರಣೆ ಬರುವುದು ನಿಂತುಹೋಗಿತ್ತು. ಹಾಗಾಗಿ ನಮ್ಮ ಷೆಡ್ಡಿನ ಮೂವರು ಮೆಕಾನಿಕ್ಕುಗಳೂ ಸಂತೆ, ಹರಾಜು, ಗುಜರಿ ಅಂಗಡಿ ಎಂದು ಅಲೆದು ಹಳೆಯ ಸ್ಪ್ಯಾನರು, ಸುತ್ತಿಗೆ, ಅರ ಎಲ್ಲವನ್ನೂ ಹೆಕ್ಕಿ ತರುತ್ತಿದ್ದರು. ಮೂವರಲ್ಲಿ ಹಿರಿಯರು ಮೇಸ್ತ್ರಿ. ಇನ್ನೊಬ್ಬ ಪಿರಿಯಾಪಟ್ಟಣದ ಫಿಟ್ಟರ್. ಮತ್ತೊಬ್ಬ ಕೋಟೆಯ ಕಡೆಯವನು. ಅವನನ್ನು ಎಲ್ಲರೂ ಕೋಟೆಯವನೆಂದೇ ಕರೆಯುತ್ತಿದ್ದರು.

ಹಿತ್ತಿಲ ಹೊಂಗೆ ಮರದಡಿ ಒಂದು ಸೀಟಿತ್ತು. ಹುಣಸೆ ಮರಕ್ಕೆ ಗುದ್ದಿ ಸತ್ತುಹೋದ ಬಸ್ಸಿನ ಮುಂದಿನ ಸೀಟು ಅದು, ತಾಲ್ಲೂಕಿನ ಅಮಲ್ದಾರರು ಬಂದರೆ ಕೂರುತ್ತಿದ್ದದ್ದು. ಸಂತೆಯ ಸಂಜೆ ಯಾರಾದರೂ ತಂದ ಸಲಕರಣೆಯನ್ನು ಗೋಣಿತಟ್ಟಿನ ಮೇಲೆ ಇಡಬೇಕು. ಉಳಿದ ಇಬ್ಬರೂ, ಜೊತೆಗೆ ನಾನೂ, ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಕೈಯಿಟ್ಟು ಅದಕ್ಕೆ ಸರಿಯಾದ ಬೆಲೆ ಹೇಳಬೇಕು. ಅಡಿಗಲ್ಲು ಮುಟ್ಟಿ ಸುಳ್ಳಾಡಿದರೆ ಆಯುಧ ಕೈಗೇ ತಿರುಗುತ್ತದೆಂಬ ಭಯ ಅವರಿಗೆ. ನಾವು ಮೂವರೂ ಹೇಳಿದ್ದಕ್ಕಿಂತ ಕಡಿಮೆಗೆ ತಂದಿದ್ದರೆ ಸೀಟು ಅವನದು, ಕಾಫಿಯ ಖರ್ಚು ಉಳಿದವರದು. ಹೆಚ್ಚು ಕೊಟ್ಟು ತಂದಿದ್ದರೆ ಕಾಫಿ ಅವನೇ ಕೊಡಿಸಬೇಕು.

ಮೇಸ್ತ್ರಿ ಯಾವತ್ತೂ ಕಾಫಿ ಕೊಡಿಸಿದವರೇ ಹೊರತು ಸೀಟಿನ ಮೇಲೆ ಕೂತು ಕುಡಿದವರಲ್ಲ. ಇಂಜಿನ್ನಿನ ಸದ್ದು ಕೇಳಿ ರೋಗ ಹೇಳುವ ಮನುಷ್ಯನಿಗೆ ಚೌಕಾಸಿ ಮಾತ್ರ ಬಾರದು. ವಸ್ತು ಕೈಗೆ ಬಂದ ಕೂಡಲೇ ಬೆಲೆ ಕೇಳುವ ಮೊದಲೇ ಹೊಗಳಲು ಶುರು. ಒಮ್ಮೆ ಪಿರಿಯಾಪಟ್ಟಣದ ಸಂತೆಯಲ್ಲಿ ಒಂದು ಸುತ್ತಿಗೆ ಎತ್ತಿ, ಕಲ್ಲಿಗೆ ಕುಟ್ಟಿ, ಕಿವಿಗೆ ಹಿಡಿದು, "ಏನ್ ಉಕ್ಕಪ್ಪ ಇದು! ಈಗಿನ ಕಾಲ್ದಲ್ಲಿ ಇಂಥದ್ ಎಲ್ ಸಿಕ್ಕಾದು?" ಎಂದು ಅಂಗಡಿಯವನಿಗೇ ವಿವರಿಸಿದರಂತೆ. ಅವನು ಗಮನವಿಟ್ಟು ಕೇಳಿ, ಸುತ್ತಿಗೆಯನ್ನು ಮೇಸ್ತ್ರಿಯ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಇದನ್ನು ಮಾರುವುದಿಲ್ಲ, ಮನೆಗೆ ಇಟ್ಟುಕೊಳ್ಳುತ್ತೇನೆ ಎಂದು ಪೆಟ್ಟಿಗೆಯೊಳಗೆ ಹಾಕಿ ಬೀಗ ಜಡಿದನಂತೆ.

೨. ದೊರೆಯ ಕಾರು

ಫಿಟ್ಟರ್ ಚೌಕಾಸಿಯಲ್ಲಿ ಹುಲಿ. ಕೊಡಗಿನ ಗಡಿಯಲ್ಲಿ ಯಾವನೋ ಇಂಗ್ಲಿಷ್ ದೊರೆ ಕಾಫಿ ತೋಟ ಮಾರಿ ಸೀಮೆಗೆ ಹೋದಾಗ ನಡೆದ ಹರಾಜಿನಲ್ಲಿ ಅವನು ಒಂದು ಪೆಟ್ಟಿಗೆ ಸ್ಪ್ಯಾನರು ಹೊಡೆದುಕೊಂಡು ಬಂದ. ಒಳಗೆ ಹಸಿರು ಬನಾತಿನ ಬಟ್ಟೆ, ಒಂದೊಂದು ಸ್ಪ್ಯಾನರಿಗೂ ಒಂದೊಂದು ಗೂಡು. ಅಡಿಗಲ್ಲು ಮುಟ್ಟಿ ನಾವು ಹೇಳಿದ ಬೆಲೆಯ ಕಾಲುಭಾಗಕ್ಕೆ ತಂದಿದ್ದ. ಆ ವಾರ ಸೀಟಿನ ಮೇಲೆ ಕಾಲು ಮಡಿಸಿ ಕೂತು ಕಾಫಿಗೆ ಸಕ್ಕರೆ ಸಾಲದೆಂದು ಬೇರೆ ಹೇಳಿದ.

ಮಾರನೆಯ ದಿನ ನೋಡಿದರೆ ಒಂದು ಸ್ಪ್ಯಾನರೂ ನಮ್ಮ ಬಸ್ಸಿನ ಒಂದು ನಟ್ಟಿಗೂ ಕೂರಲಿಲ್ಲ. ಒಂದು ಸಡಿಲ, ಒಂದು ಬಿಗಿ. ನಮ್ಮ ಬಸ್ಸುಗಳು ಅಮೆರಿಕದವು, ಸ್ಪ್ಯಾನರುಗಳು ಇಂಗ್ಲೆಂಡಿನವು. ಎರಡು ದೇಶದ ಅಳತೆಯೂ ಬೇರೆ. ಮಾರಿಬಿಡು ಎಂದೆ. "ಲಕ್ಷ್ಮಿಯಂಗವೆ ಅಮ್ಮಾವ್ರೆ, ಎಂಗ್ ಮಾರಾದು?" ಎಂದ.

ಅಂದಿನಿಂದ ಬಿಡುವಾದಾಗಲೆಲ್ಲ ಪೆಟ್ಟಿಗೆ ಹಿಡಿದು ಮಡಿಕೇರಿ ರಸ್ತೆಯ ಬದಿಯಲ್ಲಿ ನಿಲ್ಲತೊಡಗಿದ. ತೋಟದ ದೊರೆಗಳ ಇಂಗ್ಲೆಂಡಿನ ಕಾರು ಕಂಡರೆ ಕೈ ಅಡ್ಡ ಹಿಡಿದು, "ಎನಿ ರಿಪೇರಿ, ಸರ್?" ಎಂದು ಕೇಳುವುದು. ಅವರು ದಾರಿಗಳ್ಳನೆಂದು ಹೆದರಿ ಇನ್ನೂ ಜೋರಾಗಿ ಓಡಿಸುವರು. ಕೊನೆಗೊಂದು ದಿನ ಒಂದು ಕಾರು ತಾನಾಗಿಯೇ ಅವನ ಮುಂದೆ ಕೆಮ್ಮಿ ನಿಂತಿತು.

ಬೆಳಿಗ್ಗೆ ಹೋದವನು ಮಧ್ಯಾಹ್ನದ ಊಟದ ಹೊತ್ತಿಗೆ ಬಂದ. ಮುಖದಲ್ಲಿ ಮದುವೆಯ ಕಳೆ. ಪಾಪ, ಅಷ್ಟು ಹೊತ್ತು ಆಗಬೇಕಾದರೆ ಕಾರು ಬಹಳ ಕೆಟ್ಟಿತ್ತೇನೋ ಎಂದು ವಿಚಾರಿಸಿದೆ.

"ಇಲ್ಲ ಅಮ್ಮಾವ್ರೆ, ಒಂದೇ ನಟ್ಟು. ಆದ್ರೆ ಮಿಕ್ಕಿದ್ ಸ್ಪ್ಯಾನರುಗಳಿಗೆ ಬ್ಯಾಸರ ಆಗ್ಬಾರ್ದಲ್ಲ, ಅದ್ಕೆ ಎಲ್ಲಾನೂ ಬಿಚ್ಚಿ ಆಕ್ದೆ."

೩. ಊರೆಲ್ಲ ಸೊಟ್ಟ

ಕೋಟೆಯವನಿಗೆ ಕಡಿಮೆಗೆ ಸಿಕ್ಕಿದರೆ ಸಾಕು, ಬೇಕೋ ಬೇಡವೋ ಎಂಬ ಯೋಚನೆ ಇಲ್ಲ. ಕೃಷ್ಣರಾಜನಗರದ ಕಡೆ ನಾಲೆ ಕೆಲಸ ಮುಗಿಸಿದ ಒಬ್ಬ ಕಂಟ್ರಾಕ್ಟರನಿಂದ ರಸಮಟ್ಟ ಕೊಂಡು ತಂದ. ಗೋಡೆ, ನೆಲ ಸಮವಾಗಿದೆಯೇ ಎಂದು ಗಾರೆಯವರು ನೋಡುತ್ತಾರಲ್ಲ, ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡುವ ಹಲಗೆ, ಅದು. ಹಿತ್ತಾಳೆಯ ಅಂಚು ಫಳಫಳ ಹೊಳೆಯುತ್ತಿತ್ತು. ಬಸ್ಸು ರಿಪೇರಿ ಮಾಡುವವನಿಗೆ ಇದೇಕೆ ಎಂದರೆ, "ಸಿಕ್ತಲ್ಲ ಅಮ್ಮಾವ್ರೆ" ಎಂದ. ಬೆಲೆ ಕೇಳಿ ಫಿಟ್ಟರ್ ತಾನೇ ಎದ್ದು ಕಾಫಿಗೆ ಕಾಸು ತೆಗೆದ. ಸೀಟು ಕೋಟೆಯವನದಾಯಿತು.

ಸೀಟಿನ ಮೇಲೆ ಕೂತವನೇ ಪಕ್ಕದ ಕಲ್ಲಿನ ಮೇಲೆ ರಸಮಟ್ಟ ಇಟ್ಟು ನೋಡಿದ. ಕಲ್ಲು ಓರೆ. ಷೆಡ್ಡಿನ ನೆಲ ಓರೆ. ನಮ್ಮ ಮನೆಯ ಜಗುಲಿ ಓರೆ. ಮರುದಿನದಿಂದ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಊರು ತಿರುಗತೊಡಗಿದ. ದೇವಸ್ಥಾನದ ಮೆಟ್ಟಿಲು ಓರೆ, ಅಂಚೆ ಕಚೇರಿಯ ಮೇಜು ಓರೆ, ಆಚಾರಿಯು ಹೊಸದಾಗಿ ಮಾಡಿಟ್ಟ ಮಂಚ ಓರೆ. ಆಚಾರಿ ಉಳಿ ಹಿಡಿದು ಅಟ್ಟಿಸಿಕೊಂಡು ಬಂದನಂತೆ. ನಂಬಿದವರು ಒಬ್ಬರೇ, ಸಂತೆ ಬೀದಿಯ ಕಾಫಿ ಹೋಟೆಲಿನ ಯಜಮಾನರು. ಕೋಟೆಯವನ ಕೈಯಲ್ಲೇ ಎಲ್ಲ ಮೇಜುಗಳ ಕಾಲಿಗೂ ಮರದ ಚೂರು ಕೊಡಿಸಿ, ಗುಳ್ಳೆ ನಡುವೆ ನಿಲ್ಲುವವರೆಗೂ ಎತ್ತರಿಸಿದರು.

ಅಂದಿನಿಂದ ಆ ಹೋಟೆಲಿನಲ್ಲಿ ಕಾಫಿ ಲೋಟಗಳು ನಡೆಯತೊಡಗಿದವು. ಮೇಜಿನ ಈ ತುದಿಯಲ್ಲಿ ಇಟ್ಟ ಲೋಟ ಆ ತುದಿಯವನ ಮಡಿಲಿಗೆ. ವಿಷಯ ನನ್ನವರೆಗೆ ಬಂದಾಗ ನಾನು ಕೋಟೆಯವನನ್ನು ಕರೆಸಿ, ರಸಮಟ್ಟವನ್ನು ನಮ್ಮ ಜಗುಲಿಯ ಮೇಲೆ ಇಡಿಸಿದೆ. ಗುಳ್ಳೆ ಬಾಗಿಲ ಕಡೆಗೆ ಓಡಿತು. ಅದೇ ಜಾಗದಲ್ಲಿ ರಸಮಟ್ಟವನ್ನು ಹಿಂದುಮುಂದಾಗಿ ತಿರುಗಿಸಿಟ್ಟೆ. ಗುಳ್ಳೆ ಬೀದಿಯ ಕಡೆಗೆ ಓಡಿತು. ಒಂದೇ ಜಗುಲಿ ಎರಡು ಕಡೆಗೂ ಓರೆಯಾಗಿರುವುದು ಹೇಗಯ್ಯ ಎಂದೆ. ಹೈಸ್ಕೂಲಿನಲ್ಲಿ ಓದಿದ ಭೌತಶಾಸ್ತ್ರ ಅವತ್ತು ಉಪಯೋಗಕ್ಕೆ ಬಂತು. ಹುಣಸೂರು ನೆಟ್ಟಗೇ ಇತ್ತು, ಸೊಟ್ಟಗಿದ್ದದ್ದು ರಸಮಟ್ಟ.

ಹೋಟೆಲಿನ ಯಜಮಾನರಿಗೆ ನಾನೇ ಹೇಳಿ ಕಳುಹಿಸಿದೆ, ಮರದ ಚೂರು ತೆಗೆಸಿಬಿಡಿ ಎಂದು. ಅವರಿಂದ ಉತ್ತರ ಬಂತು:

"ಇರಲಿ ಬಿಡಿ ಅಮ್ಮಾ. ಮೊದಲು ಒಂದು ಕಾಫಿಗೆ ಅರ್ಧ ದಿನ ಕೂರುತ್ತಿದ್ದರು. ಈಗ ಲೋಟ ಜಾರೀತು ಅಂತ ಬೇಗ ಕುಡಿದು ಎದ್ದು ಹೋಗುತ್ತಾರೆ."

೪. ನಮ್ಮ ಅತ್ತೆಯ ವ್ಯಾಪಾರ

ಇದು ಚಿಕ್ಕದು. ಕೋಟೆಯವನು ಅಂತರಸಂತೆಯ ಸಂತೆಯಿಂದ ಮೊಳದುದ್ದದ ಒಂದು ಇಕ್ಕಳ ತಂದ. ಎತ್ತಿಗೆ ಲಾಳ ಕಟ್ಟುವವರದೋ, ಕಾಡಿನ ಡಿಪೋದ್ದೋ ಗೊತ್ತಿಲ್ಲ. ಗೋಣಿತಟ್ಟಿನ ಮೇಲೆ ಇಟ್ಟು ನಾವು ಇನ್ನೂ ಬೆಲೆ ಯೋಚಿಸುತ್ತಿದ್ದೆವು. ಹಿಂದಿನಿಂದ ನಮ್ಮ ಅತ್ತೆ ಬಂದರು, ಇಕ್ಕಳ ಎತ್ತಿಕೊಂಡು ಬಾಯಿ ಬಿಡಿಸಿ ಮುಚ್ಚಿ ನೋಡಿದರು, ಬೇಳೆಯ ಪಾತ್ರೆ ಇಳಿಸುವುದಕ್ಕೆ ಚೆನ್ನಾಗಿದೆ ಎಂದು ಅಡುಗೆಮನೆಗೆ ತೆಗೆದುಕೊಂಡು ಹೋದರು.

ಕೋಟೆಯವನು ನನ್ನ ಮುಖ ನೋಡಿದ. ನಾನು ಹೊಂಗೆ ಮರ ನೋಡಿದೆ. ಅತ್ತೆಯ ಕೈಯಿಂದ ವಸ್ತು ವಾಪಸು ಕೇಳುವುದನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ.

ಬೇಳೆ ಇಳಿಸಿ ಅತ್ತೆ ಮತ್ತೆ ಬಂದರು. ಅಡಿಗಲ್ಲಿನ ಮೇಲೆ ತಾವೇ ಕೈಯಿಟ್ಟು, "ನಂಗೆ ಬಿಟ್ಟಿ ಸಿಕ್ತು. ಏಳ್ರೋ ಎಲ್ಲಾ" ಎಂದು ಸೀಟಿನ ಮೇಲೆ ಕೂತುಬಿಟ್ಟರು.

೫. ಮೇಸ್ತ್ರಿಯ ಕೊನೆಯ ಸಂತೆ

ಅತ್ತೆ ಸೀಟು ಹಿಡಿದದ್ದಕ್ಕೆ ಎಲ್ಲರೂ ನಕ್ಕರು, ಮೇಸ್ತ್ರಿಯೂ ನಕ್ಕರು. ಆದರೆ ಅವರು ಲೋಟ ತೊಳೆದಿಡುವಾಗ ನನ್ನ ಹತ್ತಿರ ಮೆಲ್ಲಗೆ ಹೇಳಿದ ಮಾತು ಬೇರೆ. ದಸರಾ ಮುಗಿದ ಮೇಲೆ ಅವರು ಕೆಲಸ ಬಿಟ್ಟು ಕೃಷ್ಣರಾಜನಗರದ ಮಗಳ ಮನೆಗೆ ಹೋಗುವುದೆಂದು ನಿಶ್ಚಯವಾಗಿತ್ತು.

"ದೊಡ್ಡಮ್ಮಾವ್ರೂ ಕುಂತ್ಕಂಡ್ರು. ನಾನೊಬ್ನೇ ಬಾಕಿ. ಓಗಕ್ ಮುಂಚೆ ಒಂದ್ ಸಲ ಅದ್ರ ಮ್ಯಾಲೆ ಕುಂತು, ಇವರ್ ಕಾಸಲ್ಲಿ ಕಾಪಿ ಕುಡೀಬೇಕು ಅಂತ ಆಸೆ ಅಮ್ಮಾವ್ರೆ."

ಹಿರಿಯರು, ಸುಮ್ಮನೆ ಕೂತರೆ ಬೇಡವೆನ್ನುವವರು ಯಾರು ಎಂದೆ. ತಲೆಯಾಡಿಸಿದರು. ಸುಮ್ಮನೆ ಕೂರಬೇಕಾದರೆ ಮನೆಯಲ್ಲಿ ಚಾಪೆಯೇ ಇದೆಯಲ್ಲ ಎಂದರು.

ಆಯುಧಪೂಜೆಗೆ ಮುಂಚೆ ಒಂದೇ ಸಂತೆ ಉಳಿದಿತ್ತು. ಗುಜರಿ ಸಾಹೇಬರ ಅಂಗಡಿಯಲ್ಲಿ ತೂತು ಕೊರೆಯುವ ಒಂದು ಕೈಬೈರಿಗೆ ಬಂದಿದೆಯೆಂದೂ, ಹಿಡಿ ತಿರುಗಿಸಿದರೆ ಬೆಣ್ಣೆಗೆ ಬೆರಳು ಇಳಿದ ಹಾಗೆ ತಗಡಿಗೆ ಇಳಿಯುತ್ತದೆಂದೂ ಮೇಸ್ತ್ರಿ ನಾಲ್ಕು ದಿನದಿಂದ ಎಲ್ಲರಿಗೂ ಹೇಳುತ್ತಿದ್ದರು. ಅದನ್ನೇ ಕೊಳ್ಳುವುದು ಖಂಡಿತ, ಅದನ್ನು ಹೊಗಳಿ ಬೆಲೆ ಏರಿಸಿಕೊಳ್ಳುವುದೂ ಖಂಡಿತ. ನಾನು ಸಂತೆಯ ಹಿಂದಿನ ದಿನ ಕೊಡೆ ಹಿಡಿದು ಗುಜರಿ ಅಂಗಡಿಗೆ ಹೋದೆ.

ಬೈರಿಗೆಯ ಬೆಲೆ ಒಂಬತ್ತು ರೂಪಾಯಿ ಎಂದರು ಸಾಹೇಬರು. ನಾನು ನಾಲ್ಕು ರೂಪಾಯಿ ಅವರ ಮುಂದಿಟ್ಟು, ಮೇಸ್ತ್ರಿ ನಾಳೆ ಬಂದಾಗ ಇಷ್ಟು ಇಳಿಸಿ ಹೇಳಿ, ನನ್ನ ಹೆಸರು ಬೇಡ ಎಂದೆ. ಸಾಹೇಬರು ಗಡ್ಡದೊಳಗೇ ನಕ್ಕರು. "ಆಗಲಿ ತಾಯಿ. ಮೇಸ್ತ್ರಿ ಪುಣ್ಯ ಮಾಡಿದ್ದಾರೆ" ಎಂದಷ್ಟೇ ಹೇಳಿ ದುಡ್ಡು ತೆಗೆದುಕೊಂಡರು. ಆ ನಗು ನನಗೆ ಆಗ ಅರ್ಥವಾಗಲಿಲ್ಲ.

ಸಂತೆಯ ಸಂಜೆ ಮೇಸ್ತ್ರಿ ಬಂದದ್ದೇ ಬೇರೆ ನಡಿಗೆಯಲ್ಲಿ. ರುಮಾಲಿನಲ್ಲಿ ಸುತ್ತಿದ್ದ ಬೈರಿಗೆಯನ್ನು ಗೋಣಿತಟ್ಟಿನ ಮೇಲೆ ಇಟ್ಟು, ಒಂದು ಮಾತೂ ಹೊಗಳದೆ ಕೈಕಟ್ಟಿ ನಿಂತರು. ಫಿಟ್ಟರ್ ಅಡಿಗಲ್ಲು ಮುಟ್ಟಿ, "ಒಂಬತ್ತು" ಎಂದ. ಕೋಟೆಯವನು ಕೈಯಿಟ್ಟು, "ಒಂಬತ್ತು" ಎಂದ. ನಾನೂ ಕೈಯಿಟ್ಟೆ. ಅಡಿಗಲ್ಲಿನ ಮೇಲೆ ಸುಳ್ಳು ಹೇಳುವ ಹಾಗಿಲ್ಲ, ಬಾಯಿಗೆ ಬಂದದ್ದೂ ಅದೇ.

"ಒಂಬತ್ತು."

ಹೇಳಿದ ಮೇಲೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಷ್ಟು ವರ್ಷದಲ್ಲಿ ಒಂದು ವಸ್ತುವಿಗೆ ನಾವು ಮೂವರು ಒಂದೇ ಬೆಲೆ ಹೇಳಿದ್ದಿಲ್ಲ. ಅಂಗಡಿಗೆ ಹೋಗಿ ಕೇಳಿ ಬಂದವರಿಗೆ ಮಾತ್ರ ಗೊತ್ತಿರುವ ಬೆಲೆ ಅದು.

ಮೇಸ್ತ್ರಿಗೆ ಇದ್ಯಾವುದರ ಮೇಲೂ ಗಮನವಿಲ್ಲ. "ಏಳು ರೂಪಾಯಿ" ಎಂದರು. ಎಂದವರೇ ಹೋಗಿ ಮುಂದಿನ ಸೀಟಿನ ಮೇಲೆ ಕೂತರು. ಎಡಗಡೆಯ ಸ್ಪ್ರಿಂಗು ಚುಚ್ಚುತ್ತದೆಂದು ಅವರಿಗೆ ಗೊತ್ತಿರಲಿಲ್ಲ, ಚುಚ್ಚಿದರೂ ತೋರಿಸಿಕೊಳ್ಳಲಿಲ್ಲ. ಕಾಫಿ ಬಂತು. ಎರಡೂ ಕೈಯಲ್ಲಿ ಲೋಟ ಹಿಡಿದು, ಕಣ್ಣು ಮುಚ್ಚಿ, ಅವರು ಮೊದಲ ಗುಟುಕು ಕುಡಿಯುವಾಗ ಫಿಟ್ಟರ್ ನನ್ನ ಹಿಂದೆ ಬಂದು ನಿಂತು, "ನಾನ್ ಎರಡು ಕೊಟ್ಟಿದ್ದೆ ಅಮ್ಮಾವ್ರೆ" ಎಂದು ಪಿಸುಗುಟ್ಟಿದ. ಕೋಟೆಯವನು, "ನಾನೂವೆ ಎರಡು" ಎಂದ. ನಾನು ನಾಲ್ಕು. ಹಾಗಾದರೆ ಸಾಹೇಬರು ಮೇಸ್ತ್ರಿಯಿಂದ ಕೇಳಬೇಕಾಗಿದ್ದದ್ದು ಒಂದೇ ರೂಪಾಯಿ. ಅಂಥ ಒಳ್ಳೆಯ ಮನುಷ್ಯ ಏಳು ತೆಗೆದುಕೊಂಡು ಮೋಸ ಮಾಡಿದರೇ ಎಂದು ನನಗೆ ಸಿಟ್ಟು ಬಂತು. ಮೇಸ್ತ್ರಿಯವರೇ, ಅಂಗಡಿಯಲ್ಲಿ ಏನೇನಾಯಿತು, ಸರಿಯಾಗಿ ಹೇಳಿ ಎಂದೆ.

ಮೇಸ್ತ್ರಿ ಲೋಟ ಕೆಳಗಿಟ್ಟು ಮೀಸೆ ಒರೆಸಿಕೊಂಡು ಆ ಇಬ್ಬರ ಕಡೆ ತಿರುಗಿದರು.

"ನಂಗ್ ಚೌಕಾಸಿ ಬರಾಕಿಲ್ಲ ಅಂತಿದ್ರಲ್ಲ, ಕೇಳ್ರಲಾ ಇವತ್ತು. ಸಾಯೇಬ್ರು ಒಂದ್ ರೂಪಾಯಿ ಅಂದ್ರು. ನಂಗ್ ರೇಗೋಯ್ತು. ಇಂಥ ಉಕ್ಕಿಗೆ ಒಂದ್ ರೂಪಾಯಾ, ಎಂಡ್ರು ಮಕ್ಕಳು ಇಲ್ವಾ ನಿಮ್ಗೆ ಅಂದೆ. ಅವ್ರು ಬ್ಯಾಡ ಬ್ಯಾಡ ಅಂತ ಕೈ ಮುಗೀತಾರೆ. ನಾನ್ ಬುಡ್ತೀನಾ? ಮೂರು ಅಂದೆ, ಒಪ್ಪಲಿಲ್ಲ. ಐದು ಅಂದೆ, ಒಪ್ಪಲಿಲ್ಲ. ಎದ್ದು ಒಂಟೋಗೋನಂಗೆ ನಾಲ್ಕೆಜ್ಜೆ ಇಟ್ಟೆ, ಆಗ ದಾರಿಗ್ ಬಂದ್ರು. ಜಗ್ಗಿ ಜಗ್ಗಿ ಕಡೀಗೆ ಏಳಕ್ಕೆ ತಂದ್ ನಿಲ್ಲಿಸ್ದೆ ಕಣ್ರಲಾ."